ಛಂದ ನೋಡ್ಕೋತಾರ ಅಂದ್ರ ಏನು?

ಓಣ್ಯಾಗ, ಬಳಗದಾಗ, ಲಗ್ನ ಮುಂಜವಿ ಒಳಗ ಯಾರ ಸಿಕ್ಕರೂ ಈಗ ಎರಡು ವರ್ಷದಿಂದ ನನ್ನ ಕೇಳೋದು ಒಂದ ಮಾತು. "ತಮ್ಮನ್ನ ಅಲ್ಲೆ ಇಟ್ಟೀರಲ್ಲ, ಛಂದ ನೋಡ್ಕೋತಾರೇನ?" ಪ್ರೀತಿಯಿಂದನ ಕೇಳ್ತಾರ, ಅದರಾಗ ಬ್ಯಾಸರಾ ಮಾಡ್ಕೊಳ್ಳೋದು ಏನೂ ಇಲ್ಲ. "ಹೂಂ ರೀ, ಛಂದ ನೋಡ್ಕೋತಾರ" ಅಂತ ನಾನೂ ಹೇಳಿ ಹೋಳಿಗಿ ಬಡಸಲಿಕ್ಕೆ ಎದ್ದು ಹೋಗ್ತೀನಿ. ಆದ್ರ ಯಾವುದಕ್ಕ ಛಂದ ಅನಬೇಕು, ಯಾವುದಕ್ಕ ಅನಬಾರದು ಅನ್ನೋದು ಪಂಕ್ತಿ ನಡುವ ನಿಂತು ಹೇಳೋ ಮಾತಲ್ಲ. ಅದಕ್ಕ ಇಲ್ಲೆ ಬರೀಲಿಕ್ಕತ್ತೇನಿ. ನಮ್ಮ ಬಳಗದಾಗನ ಇಂಥಾ ದೊಡ್ಡ ಮಕ್ಕಳಿರೋ ಮನಿ ಇನ್ನೂ ಮೂರು ಅವ. ಆ ಮೂರೂ ಮನಿ ತಾಯಂದಿರ ತಲಿ ಬೆಳ್ಳಗಾಗ್ಯಾವ. ಅವರು ಬಾಯಿ ಬಿಟ್ಟು ಕೇಳಂಗಿಲ್ಲ, ಆದ್ರ ಓದ್ತಾರ ಅಂತ ನಂಗ ಗೊತ್ತದ.

ನಮ್ಮ ತಮ್ಮನ್ನ ನೋಡದವರಿಗೆ ಎರಡು ಮಾತು. ಅವಂಗ ಈಗ 39. ಆಟಿಸಂ ಅದ, ಜೊತಿಗೆ ಬುದ್ಧಿ ಬೆಳವಣಿಗಿನೂ ಕಡಿಮಿ. ವರ್ಷದಾಗ ಒಂದೆರಡು ಸಲ ಫಿಟ್ಸ್ ಬರ್ತಾವ. ಮಾತು ಹತ್ತು ಹನ್ನೆರಡು ಅವ, ಅದರಾಗ ನಾಲ್ಕು ತಿನ್ನೋದರ ಹೆಸರು. ಬಟ್ಟಲಾ ತೊಳದು ವರಸಿ ಡಬ್ಬಾಕಿಡೋ ಕೆಲಸ ಕೊಟ್ರ ನಮಗಿಂತಾ ಸ್ವಚ್ಛ ಮಾಡ್ತಾನ. ಬಟ್ಟಲಾ ಒಂದು ಕಡಿಮಿ ಆದ್ರ ಮನಿ ತುಂಬ ಹುಡುಕ್ತಾನ. ಕುಕ್ಕರ್ ಶೀಟಿ ಆದ್ರ ಎರಡೂ ಕಿವಿ ಮುಚ್ಕೊಂಡು ಹಿತ್ತಲಕ್ಕ ಓಡ್ತಾನ. ಅವ್ವಗ 76. ಬಚ್ಚಲದಾಗ ಜಾರಿ ಬಿದ್ದು ಟೊಂಕದ ಎಲವು ಮುರದ ಮ್ಯಾಲೆ ಆಕಿಗೆ ಅವನ ಸ್ನಾನ, ಗಡ್ಡ, ಊಟ ನೋಡೋದು ಆಗಲಾರದಂಗ ಆತು.

"ಅಕ್ಕ ಇದ್ದಾಳಲ್ಲ, ತನ್ನ ಮನ್ಯಾಗ ಇಟ್ಕೋಬೇಕಿತ್ತು" ಅಂತ ಹಿಂದ ಮಾತಾಡಿದವರೂ ಇದ್ದಾರ. ಇರಲಿ. ನಮ್ಮ ಮನ್ಯಾಗ ಅವನು ನಾಲ್ಕು ತಿಂಗಳು ಇದ್ದ. ಬಸ್ ಸ್ಟ್ಯಾಂಡಿನ ಹಿಂದ ಮನಿ, ಹಗಲೂ ರಾತ್ರಿ ಹಾರ್ನು. ತನ್ನ ತಲಿ ತಾನ ಗ್ವಾಡಿಗೆ ಬಡಕೋತಿದ್ದ. ಯಾರೂ ಅವಂಗ ಒಂದು ಮಾತು ಅನಲಿಲ್ಲ, ಜಾಗಾನ ಹಿಡಸಲಿಲ್ಲ. ಆವಾಗ ಅವ್ವನ ಹೇಳಿದ್ಲು: "ನಾ ಇರೋತನಕ ಅವನು ಒಂದು ಜಾಗಾಕ್ಕ ಹೊಂದಕೊಳ್ಳಲಿ. ನಾ ಸತ್ತ ದಿನಾನ ಅವನ ಮನೀನೂ ಹೋಗಬಾರದು." ಇದಾದ ಮ್ಯಾಲೆ ನಂಗ ಬ್ಯಾರೆ ಯಾವ ವಾದಾನೂ ಬೇಕಾಗಲಿಲ್ಲ. ಆಟಿಸಂ ಇದ್ದವರಿಗೆ ದಿನದ ಕ್ರಮ ತಪ್ಪೋದಂದ್ರ ಕಾಲ ಕೆಳಗಿನ ನೆಲಾ ಸರದಂಗ. ತಾಯಿ, ಮನಿ, ಹಾಸಿಗಿ, ಊಟದ ವ್ಯಾಳ್ಯಾ ಎಲ್ಲಾ ಒಂದ ದಿನ ಕಳಕೊಂಡ್ರ ಅವನ ಗತಿ ಏನು? ಅದಕ್ಕ ತಾಯಿ ಇದ್ದಾಗನ, ಮೊದಲ ವಾರದಾಗ ಎರಡು ದಿನ, ಆಮ್ಯಾಲೆ ನಾಲ್ಕು ದಿನ, ಹಿಂಗ ರೂಢಿ ಮಾಡಿಸಿ ಕಳಿಸಿದ್ವಿ.

ಹುಡುಕಲಿಕ್ಕೆ ಹೊಂಟಾಗ ಮೊದಲ ತಿಳಕೋಬೇಕಾದ್ದು, ಇದು ಮಾನಸಿಕ ಕಾಯಿಲೆ ಅಲ್ಲ. ನಮ್ಮ ಮಂದಿ ಎರಡನ್ನೂ ಒಂದ ಗಂಟಿನಾಗ ಕಟ್ಟತಾರ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿ ಬೆಳವಣಿಗಿ ಕುಂಠಿತ ಆಗೋದನ್ನ ಮಾನಸಿಕ ಕಾಯಿಲೆ ಅನ್ನೋದರಿಂದ ಹೊರಗ ಇಟ್ಟದ. ಇಂಥವರು ಬರೋದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಳಗ. ಅದರಾಗ 21 ಥರದ ವಿಕಲತೆ ಹೆಸರಿಸ್ಯಾರ. ಆಟಿಸಂ ಅದರಾಗ ಅದ, ಬೌದ್ಧಿಕ ವಿಕಲತೆನೂ ಅದ. ವಿಕಲಚೇತನರನ್ನ ಇಟ್ಕೊಳ್ಳೋ ಸಂಸ್ಥಾ ನಡಸೋರು ನೋಂದಣಿ ಮಾಡಿಸಿರಬೇಕು ಅಂತ ಅದ ಕಾಯ್ದೆ ಹೇಳ್ತದ. ಹಿಂಗಾಗಿ ಕೇಳೋ ಮೊದಲನೇ ಪ್ರಶ್ನಿ, "ನೋಂದಣಿ ಪತ್ರ ತೋರಸ್ರಿ, ಎಲ್ಲಿತನಕ ಅದ?" ಸಂಕೋಚ ಬ್ಯಾಡ. ಭಾಡಿಗಿ ಮನಿ ಹಿಡಿಯೋ ಮುಂದ ನಳಾ ಎಷ್ಟು ದಿನಕ್ಕೊಮ್ಮೆ ಬರ್ತದ ಅಂತ ಕೇಳಂಗಿಲ್ಲೇನು?

ನಾವು ನೋಡಿದ ಮೊದಲನೇ ಜಾಗಾದ ಹೆಸರು ಬ್ಯಾಡ, ಊರೂ ಬ್ಯಾಡ. ಮುಂದ ಹೊಳಿಯೋ ಫರಸಿ, ದೇವರ ಫೋಟೋ, ದೇಣಿಗಿ ಕೊಟ್ಟವರ ಹೆಸರಿನ ಕಲ್ಲು. ಮುಂಜಾನೆ ಹನ್ನೊಂದಕ್ಕ ಹೋಗಿದ್ವಿ. ಇಪ್ಪತ್ತರ ಮ್ಯಾಲೆ ಗಂಡಸೂರು ಒಂದು ಹಾಲಿನಾಗ ಗ್ವಾಡಿಗುಂಟ ಸಾಲಾಗಿ ಕೂತಿದ್ರು. ಟಿವಿ ಹಚ್ಚಿದ್ರು, ಯಾರೂ ನೋಡ್ತಿರಲಿಲ್ಲ. ಎಲ್ಲಾರ ತಲೀನೂ ಒಂದ ನಮೂನಿ ಬೋಳಿಸಿದ್ರು. "ಹೇನಾಗ್ತಾವ್ರಿ, ಅದಕ್ಕ" ಅಂದ್ರು. ಅರವಿ ಹೆಂಗ ಇಡ್ತೀರಿ ಅಂತ ಕೇಳಿದೆ. "ಎಲ್ಲಾ ಒಟ್ಟಿಗೆ ಒಗೀತೀವ್ರಿ, ಕೈಗೆ ಸಿಕ್ಕದ್ದು ಹಾಕ್ತೀವಿ" ಅಂದ್ರು. ಅಲ್ಲಿ ಯಾರೂ ಬೈದದ್ದು ಹೊಡದದ್ದು ನಾವು ನೋಡಲಿಲ್ಲ. ಸ್ವಚ್ಛನೂ ಇತ್ತು. ಆದ್ರ ಅಷ್ಟು ಮಂದ್ಯಾಗ ಒಬ್ಬಂಗೂ ಇದು ನಂದು ಅನ್ನಲಿಕ್ಕೆ ಒಂದು ಅಂಗಿ ಇರಲಿಲ್ಲ. ಅವ್ವ ಹೊರಗ ಬಂದು ಚಪ್ಪಲಿ ಮೆಟ್ಟಕೋತ, "ಕೊಟ್ಟಿಗ್ಯಾಗ ಎಮ್ಮಿಗೂ ತಂದೊಂದು ಗ್ವಾದಲಿ ಇರ್ತದ" ಅಂದ್ಲು.

ಎರಡನೇದು ಛೊಲೊ ಇತ್ತು, ಆದ್ರ ಫಿಟ್ಸ್ ಬರೋರನ್ನ ತೊಗೊಳ್ಳಂಗಿಲ್ಲ ಅಂದ್ರು. ಬೌದ್ಧಿಕ ವಿಕಲತೆ ಇದ್ದವರೊಳಗ ಫಿಟ್ಸ್ ಬರೋದು ಬಾಕಿ ಮಂದಿಗಿಂತಾ ಹೆಚ್ಚು, ಇದು ಎಲ್ಲಾ ಡಾಕ್ಟರಿಗೂ ಗೊತ್ತಿದ್ದದ್ದ. ಫಿಟ್ಸ್ ಇದ್ದವರು ಬ್ಯಾಡ, ಹೊಡಕೊಳ್ಳೋರು ಬ್ಯಾಡ, ಸಂಡಾಸಕ್ಕ ತಾವ ಹೋಗಲಾರದವರು ಬ್ಯಾಡ ಅಂದ್ರ ಉಳದವರು ಯಾರು? ಫೋನ್ ಮಾಡಿ ಕೇಳಿದ ಬ್ಯಾರೆ ನಾಲ್ಕೈದು ಕಡೆನೂ ಇದ ಮಾತು. ಮನ್ಯಾಗ ಯಾರನ್ನ ನೋಡ್ಕೊಳ್ಳಲಿಕ್ಕೆ ಆಗಂಗಿಲ್ಲೋ ಅವರಿಗೇ ಬಾಗಲಾ ಹಾಕಿದ್ರ ತಾಯಂದಿರು ಎಲ್ಲಿಗೆ ಹೋಗಬೇಕು?

ಈಗಿರೋದು ಮೂರನೇದು. ಒಂಬತ್ತು ಮಂದಿ ಇರೋ ಸಾದಾ ಮನಿ, ಹಿಂದ ಎರಡು ಪೇರಲ ಗಿಡ. ಗ್ವಾಡಿ ಬಣ್ಣ ಹಳೇದಾಗ್ಯದ. ಮೊದಲನೇ ಸಲ ಹೋದಾಗ ಅಡಿಗಿಮನಿ ಕಟ್ಟಿ ಮುಂದ ಒಬ್ಬ ಬಳ್ಳೊಳ್ಳಿ ಸುಲೀತಿದ್ದ, ಇನ್ನೊಬ್ಬ ಅವನ ಬಾಜೂಕ ಸುಮ್ನ ಕೂತಿದ್ದ. ಸಿಪ್ಪಿ ಎಲ್ಲಾ ಕಡೆ ಹಾರ್ಯಾಡ್ತಿತ್ತು. "ಇವನು ಒಂದು ಗಡ್ಡಿ ಸುಲೀಲಿಕ್ಕೆ ಅರ್ಧಾ ತಾಸು ತೊಗೋತಾನ್ರಿ, ತೊಗೊಳ್ಳಲಿ" ಅಂದ್ಲು ಅಡಿಗಿಯಾಕಿ. ಅವ್ವ ಆ ಮಾತು ಕೇಳಿ ಅಲ್ಲೇ ಕೂತು ತಾನೂ ನಾಲ್ಕು ಗಡ್ಡಿ ಸುಲದ್ಲು.

ಹಂಗಂತ ಬಳ್ಳೊಳ್ಳಿ ನೋಡಿ ಮಗನ್ನ ಬಿಟ್ಟು ಬರಲಿಕ್ಕೆ ಆಗಂಗಿಲ್ಲ. ನಾ ಏನೇನು ನೋಡಿದೆ, ಈಗೂ ಏನೇನು ನೋಡ್ತೀನಿ ಅನ್ನೋದು ಹೇಳ್ತೀನಿ.

ಹೇಳದ ಕೇಳದ ಹೋಗ್ತೀನಿ. ಒಂದು ಸಲ ಮುಂಜಾನೆ ಏಳಕ್ಕ, ಒಂದು ಸಲ ರಾತ್ರಿ ಊಟದ ವ್ಯಾಳ್ಯಾಕ್ಕ, ಒಂದು ಸಲ ಐತವಾರ ಮಧ್ಯಾಹ್ನ. ಐತವಾರ ಮಧ್ಯಾಹ್ನ ಕೆಲಸದವರು ಅರ್ಧಾ ಮಂದಿ ಸೂಟಿ ಮ್ಯಾಲೆ ಇರ್ತಾರ, ಆವಾಗ ನೋಡಬೇಕು. "ಭೆಟ್ಟಿ ಎರಡನೇ ಶನಿವಾರ ಹತ್ತರಿಂದ ಹನ್ನೆರಡರತನಕ ಅಷ್ಟ" ಅಂತ ಯಾರರ ಹೇಳಿದ್ರ ಅಲ್ಲಿಂದ ಎದ್ದು ಬರ್ರಿ.

ಸಂಡಾಸಕ್ಕ ನಾನ ಹೋಗಿ ಬರ್ತೀನಿ. ಪಾಹುಣ್ಯಾರದ್ದಲ್ಲ, ಅವರು ಹೋಗೋದು. ಸಾಬಾಣ ಅದ ಏನು, ಬಾಗಲಾ ಅದ ಏನು. ಬಾಗಲಾ ತಗದಿಟ್ಟಿದ್ರ, ಇವರಿಗೇನು ನಾಚಿಕಿ ಅಂತ ಆ ಮನಿಯವರು ತಿಳಕೊಂಡಾರ ಅಂತ ಅರ್ಥ.

ಕೀಲಿ ನೋಡ್ತೀನಿ. ರಾತ್ರಿ ತಲಬಾಗಲಾ ಹಾಕೋದು ನಮ್ಮ ಮನ್ಯಾಗೂ ಅದ. ಮಲಗೋ ಕೋಣಿಗೆ ಹೊರಗಿಂದ ಕೀಲಿ ಜಡಿಯೋದು ಬ್ಯಾರೆ. 2001ರ ಅಗಸ್ಟ್ 6ಕ್ಕ ತಮಿಳುನಾಡಿನ ಏರ್ವಾಡಿಯೊಳಗ ಸರಪಳಿ ಬಿಗದಿದ್ದ ಮಂದಿ ಬೆಂಕಿ ಹತ್ತಿದಾಗ ಓಡಲಿಕ್ಕೆ ಆಗದ ಸತ್ರು, 28 ಜೀವ. ಅವರು ಮಾನಸಿಕ ಕಾಯಿಲೆ ಇದ್ದವರು. ಬೆಂಕಿ ಆ ಫರಕ ಏನೂ ನೋಡಂಗಿಲ್ಲ. ರಾತ್ರಿ ಎಷ್ಟು ಮಂದಿ ಎಚ್ಚರ ಇರ್ತಾರ ಅಂತಾನೂ ಕೇಳ್ರಿ. ಕಾವಲಿಗೆ ಇದ್ದಾನ ಅನ್ನೋದು ಬ್ಯಾರೆ, ಎಚ್ಚರ ಇದ್ದಾನ ಅನ್ನೋದು ಬ್ಯಾರೆ. ಫಿಟ್ಸ್ ನಿದ್ದ್ಯಾಗೂ ಬರ್ತಾವ.

ಅರವಿ ನೋಡ್ತೀನಿ. ತಮ್ಮನ ಎಲ್ಲಾ ಅಂಗಿ ಕಾಲರಿನ ಒಳಗ ಕೆಂಪು ದಾರದಲೆ ಒಂದು ಚುಕ್ಕಿ ಹಾಕಿ ಕೊಟ್ಟೇನಿ. ಆ ಚುಕ್ಕಿ ಅಂಗಿ ಅವನ ಮೈಮ್ಯಾಲೆನ ಇದ್ರ ನಂಗ ಅರ್ಧಾ ಸಮಾಧಾನ. ಉಗುರು ನೋಡ್ತೀನಿ, ಹಿಮ್ಮಡಿ ನೋಡ್ತೀನಿ, ತೂಕದ ವಹಿ ನೋಡ್ತೀನಿ. ತಿಂಗಳಾ ತೂಕಾ ಬರದಿಡ್ರಿ ಅಂತ ಮೊದಲನೇ ದಿನಾನ ಹೇಳೇನಿ. ಹೊರಗ ಕರಕೊಂಡು ಹೋಗ್ತಾರೇನು ಅನ್ನೋದನ್ನ ಕಟಿಂಗ್ ಅಂಗಡಿಯವನ್ನ ಕೇಳಿದ್ರ ಗೊತ್ತಾಗ್ತದ. ಸಂತಿಗೆ, ಗುಡಿಗೆ, ಕಟಿಂಗ್ ಅಂಗಡಿಗೆ ಹೋಗೋರ ಮುಖಾ ಆ ಊರಿನವರಿಗೆ ಗುರತಿರ್ತದ. ಗುರತಿದ್ದವರ ಮೈಮ್ಯಾಲೆ ಬಾಸಿ ಮೂಡಿದ್ರ ಯಾರರ ಒಬ್ಬರು ಕೇಳ್ತಾರ.

ಇಷ್ಟು ಛೊಲೊ ಜಾಗಾದಾಗೂ ಹೋದ ವರ್ಷ ಒಂದು ಪ್ರಸಂಗ ಆತು. ದೀಪಾವಳಿ ಮುಂದ ತಮ್ಮ ಎಡಗಡೆ ಗಲ್ಲಕ್ಕ ತಾನ ಹೊಡಕೊಳ್ಳಲಿಕ್ಕೆ ಸುರು ಮಾಡಿದ. ರಾತ್ರಿ ಮಲಗಲಿಲ್ಲ, ಚೀರಿದ. ಅಲ್ಲಿಯವರು "ವರ್ತನಿ ಕೆಟ್ಟದ" ಅಂತ ಡಾಕ್ಟರ ಕಡೆ ಕರಕೊಂಡು ಹೋದ್ರು. ಡಾಕ್ಟರು ಐದು ನಿಮಿಷದಾಗ ಮಂಪರು ಬರೋ ಗುಳಿಗಿ ಬರದುಕೊಟ್ರು. ನಾ ಹೋದಾಗ ಜೊಲ್ಲು ಸುರಿಸ್ಕೋತ ಕೂತಿದ್ದ. ಬಟ್ಟಲಾ ಕೈಯಾಗ ಕೊಟ್ರ ಜಾರಿ ಬಿತ್ತು. ಬಿದ್ದ ಬಟ್ಟಲಾನ ಅವನು ನೋಡಲೂ ಇಲ್ಲ.

ಅಲ್ಲೆ ಕೆಲಸಾ ಮಾಡೋ ಆಯಾ ಒಬ್ಬಾಕಿ ನನ್ನ ಬಾಜೂಕ ಕರದು ಹೇಳಿದ್ಲು: "ಅಕ್ಕಾರ, ಇವನು ಹತ್ತು ದಿನದಿಂದ ರೊಟ್ಟಿ ಬಲಗಡೆನ ಅಗೀತಾನ್ರಿ. ಚಹಾ ಪೂರಾ ಆರಿದ ಮ್ಯಾಲೆ ಕುಡೀತಾನ." ಮರುದಿನ ಹಲ್ಲಿನ ಡಾಕ್ಟರ ಕಡೆ ಒಯ್ದ್ವಿ. ಎಡಗಡೆ ದವಡಿ ಹಲ್ಲಿನ ಬುಡಕ್ಕ ಕೀವಾಗಿತ್ತು. ಹಲ್ಲು ತಗದ ಮೂರು ದಿನಕ್ಕ ಹೊಡಕೊಳ್ಳೋದು ನಿಂತಿತು. ಗುಳಿಗಿನೂ ಡಾಕ್ಟರಿಗೆ ಕೇಳಿ ಸಾವಕಾಶ ಕಡಿಮಿ ಮಾಡ್ಕೋತ ಬಿಡಿಸಿದ್ವಿ.

ಬಾಯಿಲೆ ಹೇಳಲಾರದವರ ನೋವು ಸಿಟ್ಟಾಗಿ ಹೊರಗ ಬೀಳ್ತದ. ಹಲ್ಲುನೋವು, ಕಿವಿನೋವು, ಹೊಟ್ಟಿ ಕಟ್ಟೋದು, ಹೆಣ್ಮಕ್ಕಳಿಗೆ ಮುಟ್ಟಿನ ನೋವು, ಯಾವುದಿದ್ರೂ "ಆಟಿಸಂ ಅದ, ಹಂಗ ಮಾಡ್ತಾರ" ಅಂದ್ರ ಮುಂದಿನ ತಪಾಸಣಿನ ನಿಂತುಬಿಡ್ತದ. ಮಂಪರು ಗುಳಿಗಿ ಯಾರಿಗೂ ಬ್ಯಾಡ ಅಂತ ನಾ ಹೇಳಂಗಿಲ್ಲ. ಕೆಲವರಿಗೆ ಖರೇನ ಬೇಕಾಗ್ತಾವ. ಆದ್ರ ಯಾಕ ಸುರು ಮಾಡಿದ್ರು, ಎಂದು ಮತ್ತ ವಿಚಾರ ಮಾಡೋರು ಅನ್ನೋದು ವಹಿಯೊಳಗ ಬರದಿರಬೇಕು. ಇಂಗ್ಲೆಂಡಿನಾಗ ಇಂಥಾ ಗುಳಿಗಿ ಅತೀ ಆಗ್ಯಾವ ಅಂತನ 2016ರಾಗ ಅಲ್ಲಿಯ ಸರ್ಕಾರಿ ಆರೋಗ್ಯ ಸೇವಾದವರು ಅವನ್ನ ಕಡಿಮಿ ಮಾಡೋ ಕೆಲಸಾ ಕೈಗೆ ತೊಗೊಂಡ್ರು.

ಆ ಆಯಾನ ಪಗಾರ ಎಷ್ಟು ಅಂತ ಇಲ್ಲೆ ಬರಿಯಂಗಿಲ್ಲ, ಬರದ್ರ ನಮಗ ನಾಚಿಕಿ ಆಗ್ತದ. ಆಕಿ ಬಾಜು ಹಳ್ಳಿಯಿಂದ ಮುಂಜಾನಿ ಬಸ್ಸಿಗೆ ಬರ್ತಾಳ, ಹನ್ನೆರಡು ತಾಸು ದುಡೀತಾಳ. ಮೂರು ವರ್ಷದಿಂದ ಇದ್ದಾಳ, ಅದಕ್ಕ ತಮ್ಮ ಯಾವ ಕಡೆ ಅಗೀತಾನ ಅನ್ನೋದು ಆಕಿಗೆ ಗೊತ್ತು. ಮೂರು ತಿಂಗಳಿಗೊಮ್ಮೆ ಹೊಸಬಾಕಿ ಬರೋ ಕಡೆ ಇದು ಯಾರಿಗೆ ಗೊತ್ತಾಗಬೇಕು? ಹಿಂಗಾಗಿ ಈಗ ನಾ ಯಾವ ಮನಿಗೆ ಹೋದ್ರೂ ನಡಸೋರನ್ನ ಮೊದಲ ಕೇಳೋದು, "ನಿಮ್ಮ ಆಯಾಗೋಳು ಎಷ್ಟು ವರ್ಷದಿಂದ ಇದ್ದಾರ?" ಅಂತ. ಗೋಡಿ ಮ್ಯಾಲಿನ ಪ್ರಶಸ್ತಿ ಆಮ್ಯಾಲೆ ನೋಡಿದ್ರಾತು. ನಾವು ಕಟ್ಟೋ ತಿಂಗಳಾ ರೊಕ್ಕ ಹೆಚ್ಚು ಮಾಡ್ತೀವಿ ಅಂದಾಗ ಪಾಲಕರೆಲ್ಲಾ ಕೂಡಿ ಒಂದ ಮಾತು ಹೇಳಿದ್ವಿ: ಹೆಚ್ಚು ಮಾಡ್ರಿ, ಆದ್ರ ಅದರಾಗ ಇಷ್ಟು ಅವರ ಪಗಾರಕ್ಕ ಹೋಗಬೇಕು. ಒಪ್ಪಿದ್ರು.

ಭಾಳ ರೊಕ್ಕ ಕೊಟ್ರ ಎಲ್ಲಾ ಸರಿ ಇರ್ತದ ಅಂತ ತಿಳದವರಿಗೆ ಒಂದು ಸಂಗತಿ ಹೇಳಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹತ್ತರ ವಿಂಟರ್‌ಬೋರ್ನ್ ವ್ಯೂ ಅಂತ ಖಾಸಗಿ ಆಸ್ಪತ್ರಿ ಇತ್ತು, ಇಂಥವರನ್ನ ಇಡೋದು. ಒಬ್ಬೊಬ್ಬರಿಗೆ ವಾರಕ್ಕ ಸರಾಸರಿ 3,500 ಪೌಂಡ್. ಅಲ್ಲೆ ಕೆಲಸದವರು ಇದ್ದವರನ್ನ ಹೊಡಿಯೋದು, ನೆಲಕ್ಕ ಒತ್ತಿ ಹಿಡಿಯೋದು, ಹಂಗ್ಸೋದು ಎಲ್ಲಾ 2011ರಾಗ ಬಿಬಿಸಿ ಟಿವಿಯವರು ಕದ್ದು ಕ್ಯಾಮೆರಾ ಇಟ್ಟು ತೋರಿಸಿದ್ರು. ಮರುವರ್ಷ 11 ಮಂದಿಗೆ ಶಿಕ್ಷಾ ಆತು. ಅಲ್ಲಿಯ ನರ್ಸ್ ಒಬ್ಬರು ಟಿವಿಕಿಂತ ಮೊದಲ ದೂರು ಕೊಟ್ಟಿದ್ರು, ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ. ಇನ್ನ ನಮ್ಮ ದಿಲ್ಲಿಯೊಳಗ ಸರ್ಕಾರನ ನಡಸೋ ಆಶಾಕಿರಣ ಅನ್ನೋ ಆಶ್ರಯಧಾಮದಾಗ 2024ರ ಜುಲೈ ಒಂದ ತಿಂಗಳೊಳಗ ಹತ್ತಕ್ಕಿಂತ ಹೆಚ್ಚು ಮಂದಿ ತೀರಿಕೊಂಡ್ರು. ಇರಬೇಕಾದ್ದಕ್ಕಿಂತ ಭಾಳ ಹೆಚ್ಚು ಮಂದೀನ ತುಂಬಿದ್ರು. ಹೈಕೋರ್ಟು ಅಲ್ಲಿಯ ನೀರು ಪರೀಕ್ಷಾ ಮಾಡಸ್ರಿ ಅಂತ ಹೇಳಬೇಕಾತು. ಒಂದು ಕಡೆ ರೊಕ್ಕಕ್ಕ ಕಡಿಮಿ ಇರಲಿಲ್ಲ, ಇನ್ನೊಂದು ಕಡೆ ಸರ್ಕಾರದ ಹೆಸರಿತ್ತು. ಎರಡೂ ಕಡೆ ಒಳಗ ನಡಿಯೋದು ಹೊರಗಿನವರಿಗೆ ಭಾಳ ತಡಾ ಆಗಿ ಗೊತ್ತಾತು.

ಹೆಣ್ಮಕ್ಕಳ ವಿಷಯ ಬ್ಯಾರೆನ ಹೇಳಬೇಕು, ಯಾಕಂದ್ರ ನನ್ನ ಕಡೆ ಗುಟ್ಟಾಗಿ ಕೇಳೋ ತಾಯಂದಿರು ಇದನ್ನ ಹೆಚ್ಚು ಕೇಳ್ತಾರ. "ಮುಟ್ಟಾದ್ರ ಅಲ್ಲೆ ಯಾರು ನೋಡ್ತಾರ? ಗರ್ಭಚೀಲ ತಗಿಸಿಬಿಟ್ರ ಹೆಂಗ?" 1994ರಾಗ ಪುಣೆ ಹತ್ತರ ಶಿರೂರಿನ ಸರ್ಕಾರಿ ವಸತಿಗೃಹದ ಹುಡುಗ್ಯಾರಿಗೆ ಸಸೂನ್ ಆಸ್ಪತ್ರಿಯೊಳಗ ಹಂಗ ಆಪರೇಶನ್ ಮಾಡಿದ್ರು. ಮುಟ್ಟಿನ ಸ್ವಚ್ಛತಾ ಮಾಡೋದು ಕಷ್ಟ ಅನ್ನೋದ ಕಾರಣ. ದೇಶ ತುಂಬ ಗದ್ದಲಾ ಆತು. ಈಗಿನ 2016ರ ಕಾಯ್ದೆ ಪ್ರಕಾರ ಆಕಿ ತಿಳದು ಒಪ್ಪದ ಮಕ್ಕಳಾಗದಂಗ ಮಾಡೋ ಆಪರೇಶನ್ ಮಾಡಂಗಿಲ್ಲ. ಕಾಯ್ದೆ ಬಿಡ್ರಿ, ಗರ್ಭಚೀಲ ತಗದ್ರ ಮುಟ್ಟು ನಿಲ್ತದ, ಆಕಿ ಮೈಮ್ಯಾಲೆ ಕೈಹಾಕೋರು ನಿಲ್ಲಂಗಿಲ್ಲ. ಬಸರಾಗೋ ಭಯಾ ಇಲ್ಲ ಅಂದ್ರ ಅನ್ಯಾಯ ಮುಚ್ಚಿಹೋಗ್ತದ ಅಷ್ಟ. ಹೆಣ್ಮಗಳನ್ನ ಬಿಡೋ ಮನ್ಯಾಗ ಸ್ನಾನಾ ಮಾಡಸೋರು ಹೆಂಗಸರ ಏನು, ರಾತ್ರಿ ಆ ಕಡೆ ಗಂಡಸೂರು ಬರ್ತಾರೇನು, ಅರವಿ ಬದಲಸೋದನ್ನ ಆಕಿಗೆ ಕಲಸ್ತಾರೇನು ಅಂತ ಬಾಯಿ ಬಿಟ್ಟು ಕೇಳ್ರಿ. ನಮ್ಮ ಅತ್ತಿಗಿ ಮಗಳಿಗೆ ಕ್ಯಾಲೆಂಡರ್ ಮ್ಯಾಲೆ ಕೆಂಪು ಪೆನ್ಸಿಲ್ಲಿನಲೆ ಗುರತು ಹಾಕೋದು ಕಲಿಸಲಿಕ್ಕೆ ಒಂದು ವರ್ಷ ಹತ್ತಿತು. ಈಗ ಆಕಿನ ಪ್ಯಾಡ್ ಇಸ್ಕೊಂಡು ಹೋಗ್ತಾಳ.

ಕಾಗದಪತ್ರದ ಕೆಲಸಾನೂ ತಾಯಿ ತಂದಿ ಗಟ್ಟಿ ಇದ್ದಾಗ ಮುಗಿಸಿಬಿಡ್ರಿ. 18 ವರ್ಷ ಆದ ಮ್ಯಾಲೆ ಮಗ ವಯಸ್ಕ, ತಾಯಿ ಅನ್ನೋ ಕಾರಣಕ್ಕ ಎಲ್ಲಾ ಸಹಿ ನಡಿಯಂಗಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಪ್ರಕಾರ ಜಿಲ್ಲಾಕ್ಕೊಂದು ಸ್ಥಳೀಯ ಸಮಿತಿ ಇರ್ತದ. ಅದರಾಗ ಜಿಲ್ಲಾಧಿಕಾರಿ ದರ್ಜಾದ ಅಧಿಕಾರಿ ಒಬ್ಬರು, ನೋಂದಾಯಿತ ಸಂಸ್ಥಾದವರು ಒಬ್ಬರು, ವಿಕಲಚೇತನರು ಒಬ್ಬರು ಇರ್ತಾರ. ಕಾನೂನು ಪಾಲಕರನ್ನ ನೇಮಸೋದು ಅವರ ಕೆಲಸ. ನಮ್ಮ ಅರ್ಜಿ ಅವ್ವನ ಕೈಲೆನ ಹಾಕಿಸಿದ್ವಿ. ನಿರಾಮಯ ಅಂತ ಅದ ನ್ಯಾಸದ ಆರೋಗ್ಯ ವಿಮಾನೂ ಅದ, ಒಂದು ಲಕ್ಷ ರೂಪಾಯಿತನಕ. 18 ದಾಟಿದವರ ವಸತಿಗೆ ಘರೌಂದಾ ಅನ್ನೋ ಯೋಜನಾ ಅದ, ನಮ್ಮ ಜಿಲ್ಲಾದಾಗ ಯಾರರ ನಡಸ್ತಾರೇನು ಅಂತ ವಿಕಲಚೇತನರ ಇಲಾಖೆ ಕಚೇರಿಯೊಳಗ ಕೇಳಬಹುದು. ಒಪ್ಪಂದದ ಕಾಗದಕ್ಕ ಸಹಿ ಮಾಡೋ ಮುಂದ ಎರಡು ಕಲಮು ಓದ್ರಿ: ರೊಕ್ಕ ಕಟ್ಟೋರು ಸತ್ರ ಏನು, ಅವರು ವಾಪಸ್ ಕಳಸಬೇಕಂದ್ರ ಎಷ್ಟು ದಿನದ ಮೊದಲ ಹೇಳಬೇಕು.

ಇಷ್ಟೆಲ್ಲಾ ನೋಡಿದ ಮ್ಯಾಲೂ ನಂಗ ಒಂದು ಚಿಂತಿ ಅದ. ಒಂಬತ್ತು ಮಂದ್ಯಾಗ ನಾಲ್ಕು ಮಂದಿಗೆ ವರ್ಷಕ್ಕೊಮ್ಮೆನೂ ಯಾರೂ ಬರಂಗಿಲ್ಲ. ನಾ ಹೋದಾಗ ತಮ್ಮ ನನ್ನ ಚೀಲಾ ನೋಡ್ತಾನ, ಆ ನಾಲ್ಕು ಮಂದಿ ನನ್ನ ಹಿಂದ ಇನ್ನೂ ಯಾರರ ಬರ್ತಾರೇನು ಅಂತ ಗೇಟ್ ನೋಡ್ತಾರ. ಅವರ ಕಾಲರಿನಾಗ ಚುಕ್ಕಿ ಹೊಲಿಯೋರಿಲ್ಲ. ಅವರಿಗೆ ಹಲ್ಲುನೋವು ಬಂದ್ರ ಆ ಆಯಾ ಯಾರಿಗೆ ಕರದು ಹೇಳಬೇಕು? ಇವತ್ತು ಹೇಳಲಿಕ್ಕೆ ನಾ ಇದ್ದೇನಿ. ನಂಗೂ 45 ಆತು, ತಮ್ಮಂದೂ ಒಂದು ದಿನ ಅದ ಸಾಲಿಗೆ ಬರಬಾರದಲ್ಲ.

ಅದಕ್ಕ ಕಾಕು, ಮಾವಶಿ, ವೈನಿ ಎಲ್ಲಾರಿಗೂ ಹೇಳ್ತೀನಿ, ನನ್ನ ಕೇಳೋದಕ್ಕಿಂತಾ ನೀವ ಒಮ್ಮೆ ಬಂದು ನೋಡ್ರಿ. ಬರೋ ಐತವಾರ ಮಧ್ಯಾಹ್ನ ಎರಡೂವರಿ ಬಸ್ಸಿಗೆ ನಾ ಹೋಗ್ತೀನಿ. ಒಳಗ ಹೋಗಿ ಸಂಡಾಸ ನೋಡ್ರಿ, ಅಡಿಗಿಯಾಕಿ ಜೋಡಿ ಮಾತಾಡ್ರಿ, ಆ ನಾಲ್ಕು ಮಂದ್ಯಾಗ ಒಬ್ಬರ ಹೆಸರು ನೆನಪಿಟ್ಕೊಂಡು ಬರ್ರಿ. ಇಬ್ಬರಿಗೆ ಸಕ್ಕರಿ ಕಾಯಿಲೆ ಅದ, ಉಂಡಿ ತರಬ್ಯಾಡ್ರಿ. ಸುಲೀಲಿಕ್ಕೆ ಎರಡು ಕಿಲೋ ಹಸೀ ಶೇಂಗಾ ತಂದ್ರ ಸಾಕು.